ಇಟ್ಟಿಗೆ ಗೋಡೆಯ ಅಂದಾಜು

ಗೋಡೆಯೊಂದಕ್ಕೆ ಬೇಕಾಗುವ ಇಟ್ಟಿಗೆಗಳ ಸಂಖ್ಯೆಯನ್ನೂ ಅವನ್ನು ಬೆಸೆಯುವ ಗಾರೆಯ ಪ್ರಮಾಣವನ್ನೂ ಕೆಲಸ ಶುರುವಾಗುವ ಮೊದಲೇ ಲೆಕ್ಕಹಾಕುವ ಕ್ರಮ. ಕಟ್ಟಡದ ಅಂದಾಜುಪಟ್ಟಿಯಲ್ಲಿ ಇದು ಒಂದು ಭಾಗ ಮಾತ್ರ. ಆದರೆ ಸಾಮಾನ್ಯ ಮನೆ ಕಟ್ಟಿಸುವವರು ತಾವೇ ಮಾಡಿಕೊಳ್ಳಬಹುದಾದ, ಮಾಡಿಕೊಳ್ಳಲೇಬೇಕಾದ ಲೆಕ್ಕವಿದು. ಇಟ್ಟಿಗೆ ಕಡಿಮೆ ಬಿದ್ದರೆ ಕೆಲಸ ನಿಲ್ಲುತ್ತದೆ. ಮತ್ತೆ ತರಿಸಿದ ಲೋಡು ಬೇರೆ ಗೂಡಿನದಾಗಿದ್ದರೆ ಅಳತೆ ಹೊಂದುವುದಿಲ್ಲ. ಸಿಮೆಂಟು ಹೆಚ್ಚು ತಂದಿಟ್ಟರೆ ಮಳೆಗಾಲದಲ್ಲಿ ಗಟ್ಟಿಕಟ್ಟಿ ಹಾಳಾಗುತ್ತದೆ. ಲೆಕ್ಕಕ್ಕೆ ಬೇಕಾದ ಗಣಿತ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟೆ. ತಪ್ಪುಗಳೆಲ್ಲ ಹುಟ್ಟುವುದು ಅಳತೆಯಲ್ಲಿ: ಕೈಯಲ್ಲಿರುವ ಇಟ್ಟಿಗೆಯನ್ನು ಅಳೆಯದೆ ಪುಸ್ತಕದ ಕೋಷ್ಟಕವನ್ನು ನಂಬುವುದರಲ್ಲಿ.

ಇಟ್ಟಿಗೆ ಎಣಿಸಿ ಕಟ್ಟುವ ವಿದ್ಯೆ ಭಾರತದಲ್ಲಿ ಬಹಳ ಹಳೆಯದು. ಹರಪ್ಪ ನಾಗರಿಕತೆಯ ಇಟ್ಟಿಗೆಗಳಲ್ಲಿ ಎತ್ತರ, ಅಗಲ, ಉದ್ದಗಳು 1:2:4ರ ಪ್ರಮಾಣದಲ್ಲಿದ್ದವು. ಉದ್ದವು ಅಗಲದ ಎರಡರಷ್ಟಿದ್ದರೆ ಅಡ್ಡ ಇಟ್ಟಿಗೆ, ಉದ್ದ ಇಟ್ಟಿಗೆ ಎರಡೂ ಒಂದೇ ಗೋಡೆಯಲ್ಲಿ ಸರಿಹೊಂದುತ್ತವೆ. ಇಂದಿನ ಇಟ್ಟಿಗೆಯ ಆಕಾರಕ್ಕೂ ಇದೇ ಕಾರಣ. ಯಜ್ಞವೇದಿಗಳ ನಿರ್ಮಾಣವನ್ನು ಹೇಳುವ ಶುಲ್ಬಸೂತ್ರಗಳಲ್ಲಿ ಅಂದಾಜು ಇನ್ನೂ ಬಿಗಿಯಾದದ್ದು. ಅಗ್ನಿಚಯನದ ವೇದಿಗೆ ಐದು ಪದರಗಳು, ಪದರಕ್ಕೆ 200ರಂತೆ ಒಟ್ಟು 1000 ಇಟ್ಟಿಗೆ. ವೇದಿಯ ವಿಸ್ತೀರ್ಣವೂ ನಿಗದಿ. ಒಂದು ಪದರದ ಸಂದು ಮುಂದಿನ ಪದರದ ಸಂದಿನ ಮೇಲೆ ಬೀಳಕೂಡದೆಂಬ ನಿಯಮವೂ ಅಲ್ಲಿದೆ. ಇಂದಿನ ಮೇಸ್ತ್ರಿ ಪಾಲಿಸುವುದೂ ಅದೇ ನಿಯಮವನ್ನು. ಕರ್ನಾಟಕದಲ್ಲಿ ಹಂಪಿಯ ಗೋಪುರಗಳಲ್ಲಿ ಕೆಳಗೆ ಕಣಶಿಲೆ, ಮೇಲಿನ ಅಂತಸ್ತುಗಳಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಎತ್ತರಕ್ಕೆ ಹೋದಂತೆ ಭಾರ ಇಳಿಸುವ ಈ ಉಪಾಯದ ಹಿಂದೆ ಲೆಕ್ಕ ಇದ್ದೇ ಇತ್ತು.

ಇಟ್ಟಿಗೆಯ ಅಳತೆ

ಭಾರತೀಯ ಮಾನಕ ಐ.ಎಸ್. 1077ರ ಪ್ರಕಾರ ಮಾಡ್ಯುಲರ್ ಇಟ್ಟಿಗೆಯ ನಿಜವಾದ ಅಳತೆ 190 × 90 × 90 ಮಿ.ಮೀ. ಸುತ್ತಲಿನ 10 ಮಿ.ಮೀ. ಗಾರೆಯನ್ನು ಸೇರಿಸಿಕೊಂಡರೆ ಅದು 200 × 100 × 100 ಮಿ.ಮೀ. ಜಾಗ ತುಂಬುತ್ತದೆ. ಎರಡು ಅಗಲ ಮತ್ತು ನಡುವಿನ ಒಂದು ಸಂದು ಸೇರಿದರೆ ಸರಿಯಾಗಿ ಒಂದು ಉದ್ದ: 90 + 10 + 90 = 190. ಅದೇ ಮಾನಕ 230 × 110 × 70 ಮಿ.ಮೀ. ಇಟ್ಟಿಗೆಗೂ ಅವಕಾಶ ಕೊಟ್ಟಿದೆ; ಅಲ್ಲಿಯೂ 110 + 10 + 110 = 230. ಹಳೆಯ ಕಟ್ಟಡಗಳ 9 × 4½ × 3 ಅಂಗುಲದ ಇಟ್ಟಿಗೆಯಲ್ಲಿ ಈ ಹೊಂದಾಣಿಕೆ ಇಲ್ಲ. ಎರಡು ಅಗಲಗಳೇ ಒಂಬತ್ತು ಅಂಗುಲವಾಗಿ ಸಂದಿಗೆ ಜಾಗ ಉಳಿಯುವುದಿಲ್ಲ. ಅಂಥ ಇಟ್ಟಿಗೆಯಲ್ಲಿ ಗೋಡೆಯ ಒಂದು ಮುಖ ಮಾತ್ರ ನೇರವಾಗಿ ಬರುತ್ತದೆ, ಇನ್ನೊಂದು ಮುಖದ ಏರುಪೇರನ್ನು ಗಿಲಾವು ಮುಚ್ಚಬೇಕಾಗುತ್ತದೆ.

ಮಾನಕ ಏನೇ ಹೇಳಲಿ, ಮಾರುಕಟ್ಟೆಗೆ ಬರುವುದು ಗೂಡಿನ ಅಚ್ಚಿನ ಇಟ್ಟಿಗೆ. ಬೆಂಗಳೂರಿನ ಸುತ್ತಮುತ್ತ, ಮಾಲೂರಿನ ಕಡೆ, ತುಂಗಭದ್ರೆಯ ಬಯಲಿನಲ್ಲಿ ಒಂದೊಂದು ಗೂಡಿನ ಅಚ್ಚು ಒಂದೊಂದು ತರ. ಹಸಿ ಇಟ್ಟಿಗೆ ಒಣಗುವಾಗಲೂ ಸುಡುವಾಗಲೂ ಕುಗ್ಗುವುದರಿಂದ ಒಂದೇ ಗೂಡಿನ ನಡುವಿನ ಇಟ್ಟಿಗೆಗೂ ಅಂಚಿನ ಇಟ್ಟಿಗೆಗೂ ವ್ಯತ್ಯಾಸವಿರುತ್ತದೆ. ಹೀಗಾಗಿ ಒಂದು ಇಟ್ಟಿಗೆಯನ್ನು ಅಳೆದರೆ ಸಾಲದು. ಐ.ಎಸ್. 1077 ಹೇಳುವ ಪರೀಕ್ಷೆ ಸರಳವೂ ಉತ್ತಮವೂ ಆದದ್ದು: 20 ಇಟ್ಟಿಗೆಗಳನ್ನು ಆರಿಸಿ, ಒಂದಕ್ಕೊಂದು ತಾಗುವಂತೆ ಸಾಲಾಗಿಟ್ಟು ಒಟ್ಟು ಉದ್ದ ಅಳೆಯುವುದು. ಮಾಡ್ಯುಲರ್ ಇಟ್ಟಿಗೆಯಾದರೆ ಉದ್ದ 3720ರಿಂದ 3880 ಮಿ.ಮೀ. ಒಳಗೆ ಇರಬೇಕು. ಅಡ್ಡಲಾಗಿ ಇಟ್ಟಾಗ 1760ರಿಂದ 1840 ಮಿ.ಮೀ.; ಎತ್ತರಕ್ಕೂ ಅಷ್ಟೇ. ಒಟ್ಟನ್ನು 20ರಿಂದ ಭಾಗಿಸಿದರೆ ಸಿಗುವ ಸರಾಸರಿಯೇ ಅಂದಾಜಿಗೆ ಬಳಸಬೇಕಾದ ಅಳತೆ. ಲೋಡು ಇಳಿಸುವ ಮೊದಲು ಹತ್ತು ನಿಮಿಷ ತೆಗೆದುಕೊಳ್ಳುವ ಈ ಕೆಲಸವನ್ನು ಬಹುಪಾಲು ಜನ ಮಾಡುವುದಿಲ್ಲ. ಬೇರೆ ಯಾವ ಎಚ್ಚರಿಕೆಗಿಂತಲೂ ಹೆಚ್ಚು ಹಣ ಉಳಿಸುವುದು ಇದೇ.

ಎಣಿಕೆಯ ಎರಡು ದಾರಿ

ಎಂಜಿನಿಯರಿಂಗ್ ಪಠ್ಯಗಳಲ್ಲಿ ಘನಗಾತ್ರದ ದಾರಿ ಹೆಚ್ಚು ಬಳಕೆಯಲ್ಲಿದೆ. ಗಾರೆ ಸೇರಿದ ಒಂದು ಮಾಡ್ಯುಲರ್ ಇಟ್ಟಿಗೆಯ ಗಾತ್ರ 0.2 × 0.1 × 0.1 = 0.002 ಘನ ಮೀಟರ್. ಆದ್ದರಿಂದ ಒಂದು ಘನ ಮೀಟರ್ ಗೋಡೆಗೆ 500 ಇಟ್ಟಿಗೆ. ಈ ಸಂಖ್ಯೆ ಎಷ್ಟು ಬಾಯಿಪಾಠವಾಗಿದೆಯೆಂದರೆ ಯಾವ ಇಟ್ಟಿಗೆಯಾದರೂ ಜನ ಘನ ಮೀಟರಿಗೆ ಐನೂರು ಎಂದೇ ಹೇಳಿಬಿಡುತ್ತಾರೆ. 230 × 110 × 70 ಮಿ.ಮೀ. ಇಟ್ಟಿಗೆಗೆ ಇದೇ ಸೂತ್ರ ಹಾಕಿದರೆ ಬರುವುದು 434.

ಆದರೆ ಆ 434 ಕೂಡ ಪೂರ್ತಿ ಸರಿಯಲ್ಲ. ಘನಗಾತ್ರದ ಸೂತ್ರ ಇಟ್ಟಿಗೆಯ ಆರೂ ಬದಿಗೆ ಗಾರೆಯ ಪಾಲು ಹಂಚುತ್ತದೆ. ಒಂದು ಇಟ್ಟಿಗೆ ದಪ್ಪದ ಗೋಡೆಯ ಎರಡು ಮುಖಗಳಲ್ಲಿ ಸಂದೇ ಇಲ್ಲ. ಗೋಡೆ ನಿಜವಾಗಿ 230 ಮಿ.ಮೀ. ದಪ್ಪವಿರುತ್ತದೆ, 240 ಅಲ್ಲ. 230ರ ಲೆಕ್ಕದಲ್ಲಿ ಘನ ಮೀಟರಿಗೆ ಹಿಡಿಯುವುದು ಸುಮಾರು 453 ಇಟ್ಟಿಗೆ. ಈ ಗೊಂದಲ ತಪ್ಪಿಸುವ ಎರಡನೆಯ ದಾರಿ ಮುಖದ ವಿಸ್ತೀರ್ಣದ್ದು. ಗೋಡೆಯ ಎದುರು ನಿಂತು ನೋಡಿದಾಗ ಒಂದು ಇಟ್ಟಿಗೆಯ ಪಾಲಿಗೆ ಎಷ್ಟು ಮುಖ ಬರುತ್ತದೆ ಎಂದು ಕೇಳಿಕೊಳ್ಳುವುದು. ಅರ್ಧ ಇಟ್ಟಿಗೆ ದಪ್ಪದ ಗೋಡೆಯಲ್ಲಿ ಉದ್ದ ಮುಖ ಕಾಣುತ್ತದೆ: ಮಾಡ್ಯುಲರ್ ಆದರೆ 200 × 100 ಮಿ.ಮೀ., ಚದರ ಮೀಟರಿಗೆ 50. ಒಂದು ಇಟ್ಟಿಗೆ ದಪ್ಪದ ಗೋಡೆಗೆ ಅದರ ಎರಡರಷ್ಟು, 100. ಇಟ್ಟಿಗೆ ಜೋಡಿಸುವ ಕ್ರಮ, ಅಂದರೆ ಬಾಂಡ್, ಇಂಗ್ಲಿಷ್ ಆಗಲಿ ಫ್ಲೆಮಿಶ್ ಆಗಲಿ ಈ ಸಂಖ್ಯೆ ಬದಲಾಗುವುದಿಲ್ಲ. 230 × 110 × 70ರ ಇಟ್ಟಿಗೆಗೆ ಕ್ರಮವಾಗಿ 52 ಮತ್ತು 104. ಗೋಡೆಯ ದಪ್ಪವನ್ನು ಗುಣಿಸುವ ರಗಳೆಯೇ ಇಲ್ಲದ ಈ ದಾರಿಯೇ ಮನೆ ಕಟ್ಟಿಸುವವರಿಗೆ ಯೋಗ್ಯವಾದದ್ದು.

ನಮ್ಮಲ್ಲಿ ಮೇಸ್ತ್ರಿಗಳ ಮಾತು ಇಂದಿಗೂ ಅಂಗುಲ, ಅಡಿ, ಚದರಗಳಲ್ಲಿ ನಡೆಯುತ್ತದೆ. ಒಂದು ಚದರ ಎಂದರೆ 100 ಚದರಡಿ. 9 × 4½ × 3 ಅಂಗುಲದ ಇಟ್ಟಿಗೆಯಿಂದ ನಾಲ್ಕೂವರೆ ಇಂಚಿನ ಗೋಡೆ ಕಟ್ಟಿದರೆ ಚದರಕ್ಕೆ ಸುಮಾರು 450, ಒಂಬತ್ತಿಂಚಿನ ಗೋಡೆಗೆ 870ರಿಂದ 900 ಇಟ್ಟಿಗೆ ಬೇಕು. ಆದರೆ ಇಂದು ಒಂಬತ್ತಿಂಚಿನದೆಂದು ಮಾರುವ ಇಟ್ಟಿಗೆ ಎಷ್ಟೋ ಕಡೆ ಎಂಟೂವರೆ ಅಂಗುಲಕ್ಕೆ ಇಳಿದಿರುವುದರಿಂದ ಈ ಸಂಖ್ಯೆಗಳನ್ನು ಅಳೆಯದೆ ಬಳಸಬಾರದು.

ಲೆಕ್ಕಕ್ಕೆ ಸಿಕ್ಕಿದ ಸಂಖ್ಯೆಯ ಮೇಲೆ ಒಡಕಿಗೆಂದು ಶೇ. 5 ಸೇರಿಸುವುದು ವಾಡಿಕೆ. ಚೆನ್ನಾಗಿ ಬೆಂದ, ಒಂದಕ್ಕೊಂದು ತಟ್ಟಿದರೆ ಕಣಕಣ ಎನ್ನುವ ಇಟ್ಟಿಗೆಗೆ ಅದು ಸಾಕು. ಬೇಯದ ಇಟ್ಟಿಗೆಗೆ ಶೇ. 10 ಇಟ್ಟರೂ ಸಾಲದು. ಅದನ್ನು ಕೊಳ್ಳದಿರುವುದೇ ಒಳ್ಳೆಯದು. ಒಡೆದವೆಲ್ಲ ನಷ್ಟವೂ ಅಲ್ಲ. ಬಾಂಡು ಹೊಂದಿಸಲು ಮೂಲೆಗಳಲ್ಲಿ, ಬಾಗಿಲ ಪಕ್ಕದಲ್ಲಿ ಅರ್ಧ, ಮುಕ್ಕಾಲು ತುಂಡುಗಳು ಹೇಗೂ ಬೇಕು. ಒಳ್ಳೆಯ ಮೇಸ್ತ್ರಿ ಇಡೀ ಇಟ್ಟಿಗೆಯನ್ನು ಒಡೆಯದೆ ಲಾರಿಯಲ್ಲಿ ಮುರಿದದ್ದನ್ನು ಆರಿಸಿ ಅಲ್ಲಿಗೆ ಇಡುತ್ತಾನೆ.

ಗೋಡೆಯ ಅಳತೆ

ಕೋಣೆಯ ನಾಲ್ಕು ಗೋಡೆಗಳ ಉದ್ದವನ್ನು ಹೇಗೆ ಹಿಡಿಯಬೇಕು? ಒಳಗಡೆ 4 ಮೀ. × 3 ಮೀ. ಇರುವ ಕೋಣೆ, ಗೋಡೆ 0.2 ಮೀ. ದಪ್ಪ ಎಂದುಕೊಳ್ಳೋಣ. ಹೊರಗಿನಿಂದ ಸುತ್ತ ಅಳೆದರೆ 15.6 ಮೀ., ಒಳಗಿನಿಂದ 14 ಮೀ. ಮೊದಲನೆಯದರಲ್ಲಿ ಮೂಲೆಗಳು ಎರಡು ಸಲ ಎಣಿಕೆಯಾಗುತ್ತವೆ, ಎರಡನೆಯದರಲ್ಲಿ ಬಿಟ್ಟೇಹೋಗುತ್ತವೆ. ಸರಿಯಾದದ್ದು ಗೋಡೆಯ ನಡುಗೆರೆಯ ಉದ್ದ: 2 × (4.2 + 3.2) = 14.8 ಮೀ. ಹೊರ ಅಳತೆಗೂ ಇದಕ್ಕೂ ಇರುವ 0.8 ಮೀ. ವ್ಯತ್ಯಾಸ ಸಣ್ಣದೆನಿಸಬಹುದು. ಮೂರು ಮೀಟರ್ ಎತ್ತರದ ಗೋಡೆಗೆ ಅದು 240 ಇಟ್ಟಿಗೆ. ನಡುವೆ ಅಡ್ಡಗೋಡೆಯೊಂದು ಬಂದು ಸೇರುವಲ್ಲಿ, ಸೇರುವ ಪ್ರತಿ ಜಾಗಕ್ಕೂ ಅರ್ಧ ಗೋಡೆ ದಪ್ಪವನ್ನು ಕಳೆಯಬೇಕು. ಇದಕ್ಕೆ ಮಧ್ಯರೇಖೆಯ ವಿಧಾನ ಎಂದು ಹೆಸರು. ಉದ್ದಗೋಡೆಗಳನ್ನು ಹೊರಗಿನಿಂದ, ಅಡ್ಡಗೋಡೆಗಳನ್ನು ಒಳಗಿನಿಂದ ಅಳೆಯುವ ಇನ್ನೊಂದು ವಿಧಾನವೂ ಅದೇ ಉತ್ತರ ಕೊಡುತ್ತದೆ. ತಳಪಾಯದಿಂದ ಮೇಲೆ ಬಂದಂತೆ ದಪ್ಪ ಬದಲಾಗುವ ಗೋಡೆಗಳಿಗೆ ಪ್ರತಿ ದಪ್ಪಕ್ಕೂ ಬೇರೆಬೇರೆಯಾಗಿ ಮಾಡಬೇಕು.

ಬಾಗಿಲು, ಕಿಟಕಿ, ಲಿಂಟಲ್, ಗೋಡೆಯೊಳಗೆ ಅಡಗಿದ ಕಾಂಕ್ರೀಟ್ ಕಂಬ ಇವೆಲ್ಲವನ್ನೂ ಕಳೆಯಬೇಕು. ಅಳತೆಯ ಕ್ರಮವನ್ನು ಹೇಳುವ ಐ.ಎಸ್. 1200ರ ಮೂರನೆಯ ಭಾಗದಂತೆ 0.1 ಚದರ ಮೀಟರಿಗಿಂತ ಚಿಕ್ಕ ಕಿಂಡಿಗಳನ್ನೂ ಅಷ್ಟೇ ಗಾತ್ರದ ತೊಲೆಯ ತುದಿಗಳನ್ನೂ ಕಳೆಯುವಂತಿಲ್ಲ. ಸಣ್ಣ ಕಿಂಡಿ ಬಿಟ್ಟು ಕಟ್ಟುವ ಶ್ರಮ ಉಳಿಯುವ ಇಟ್ಟಿಗೆಗಿಂತ ಹೆಚ್ಚಿನದೆಂಬ ನ್ಯಾಯ ಇದರಲ್ಲಿದೆ. ಅರ್ಧ ಇಟ್ಟಿಗೆಯ ಗೋಡೆಯನ್ನು ಚದರ ಮೀಟರಿನಲ್ಲಿ, ಅದಕ್ಕಿಂತ ದಪ್ಪನೆಯದನ್ನು ಘನ ಮೀಟರಿನಲ್ಲಿ ಬರೆಯುವುದು ರೂಢಿ.

ಗಾರೆ

ಇಟ್ಟಿಗೆಯನ್ನು ಎಣಿಸಬಹುದು; ಗಾರೆಯನ್ನು ಊಹಿಸಬೇಕಾಗುತ್ತದೆ. ಮಾಡ್ಯುಲರ್ ಲೆಕ್ಕದಲ್ಲಿ 500 ಇಟ್ಟಿಗೆಗಳ ನಿಜವಾದ ಗಾತ್ರ ಸುಮಾರು 0.77 ಘನ ಮೀಟರ್. ಉಳಿದ 0.23 ಘನ ಮೀಟರ್ ಗಾರೆಯ ಪಾಲು. ಇದರಲ್ಲಿ ಗೋಡೆಯ ಮುಖದ ಮೇಲಿನ ಇಲ್ಲದ ಸಂದೂ ಸೇರಿದೆ. ಆದರೆ ಇಟ್ಟಿಗೆಯ ಮೇಲ್ಮುಖದ ತಗ್ಗಿಗೆ ಇಳಿಯುವ ಗಾರೆ, ಅಂಕುಡೊಂಕಾದ ಅಂಚುಗಳಿಗೆ ಹೋಗುವುದು, ಕರಣೆಯಿಂದ ನೆಲಕ್ಕೆ ಬೀಳುವುದು ಇವು ಅದರಲ್ಲಿ ಇಲ್ಲ. ಕೂಡಿ ಕಳೆದು ನೋಡಿದರೆ ಘನ ಮೀಟರ್ ಗೋಡೆಗೆ 0.25 ಘನ ಮೀಟರ್ ಹಸಿ ಗಾರೆ ಎಂದು ಹಿಡಿಯುವುದು ಅನುಭವಕ್ಕೆ ಹೊಂದುತ್ತದೆ.

ಸಂದಿನ ದಪ್ಪ ಈ ಲೆಕ್ಕವನ್ನು ಬುಡಮೇಲು ಮಾಡಬಲ್ಲದು. ಮೇಸ್ತ್ರಿ 10ರ ಬದಲು 15 ಮಿ.ಮೀ. ಸಂದು ಬಿಟ್ಟರೆ ಇಟ್ಟಿಗೆ ಶೇ. 9ರಷ್ಟು ಉಳಿಯುತ್ತದೆ, ಗಾರೆ ಮಾತ್ರ ಶೇ. 40ರಷ್ಟು ಹೆಚ್ಚಾಗುತ್ತದೆ. ಗೋಡೆ ಬೇಗ ಏರುವುದರಿಂದ ಕೆಲಸಗಾರರಿಗೆ ದಪ್ಪ ಸಂದು ಹಿತ. ಆದರೆ ಇಟ್ಟಿಗೆಗಿಂತ ಸಿಮೆಂಟು ದುಬಾರಿ, ದಪ್ಪ ಸಂದಿನ ಗೋಡೆಗೆ ಬಲವೂ ಕಡಿಮೆ. ಹತ್ತು ಸಾಲು ಕಟ್ಟಿದ ಮೇಲೆ ಎತ್ತರ ಅಳೆದು ನೋಡಿದರೆ ವಿಷಯ ತಿಳಿಯುತ್ತದೆ: ಮಾಡ್ಯುಲರ್ ಇಟ್ಟಿಗೆಯ ಹತ್ತು ಸಾಲು ಒಂದು ಮೀಟರ್ ಇರಬೇಕು.

ಇನ್ನು ಹಸಿ ಗಾರೆಯಿಂದ ಸಿಮೆಂಟು, ಮರಳಿನ ಲೆಕ್ಕಕ್ಕೆ ಬರಬೇಕು. ಸಿಮೆಂಟಿನ ಪುಡಿ ಮರಳಿನ ಕಣಗಳ ಸಂದುಗೊಂದುಗಳಲ್ಲಿ ಅಡಗುವುದರಿಂದ ಒಂದು ಪಾಲು ಸಿಮೆಂಟು, ಆರು ಪಾಲು ಮರಳು ಕಲಸಿದರೆ ಏಳು ಪಾಲು ಗಾರೆ ಆಗುವುದಿಲ್ಲ; ಆರಕ್ಕಿಂತಲೂ ಸ್ವಲ್ಪ ಕಡಿಮೆಯೇ ಆಗುತ್ತದೆ. ಹಸಿ ಗಾತ್ರವನ್ನು 1.3ರಿಂದ ಗುಣಿಸಿ ಒಣ ಗಾತ್ರ ಪಡೆದು, ಅದನ್ನು ಪಾಲುಗಳಿಗೆ ಹಂಚುವುದು ಪಠ್ಯಪುಸ್ತಕದ ರೀತಿ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆ ಇನ್ನೂ ನೇರ: ಒಂದು ಘನ ಮೀಟರ್ 1:6 ಗಾರೆಗೆ 250 ಕೆ.ಜಿ. ಸಿಮೆಂಟು, 1.07 ಘನ ಮೀಟರ್ ಮರಳು. 1:4 ಗಾರೆಗೆ ಅಷ್ಟೇ ಮರಳು, 380 ಕೆ.ಜಿ. ಸಿಮೆಂಟು. ಒಂದು ಇಟ್ಟಿಗೆ ದಪ್ಪದ ಗೋಡೆಗೆ 1:6, ಅರ್ಧ ಇಟ್ಟಿಗೆಯ ಗೋಡೆಗೆ 1:4 ಸಾಮಾನ್ಯ ಬಳಕೆ.

50 ಕೆ.ಜಿ.ಯ ಒಂದು ಮೂಟೆ ಸಿಮೆಂಟಿನ ಗಾತ್ರ ಸುಮಾರು 35 ಲೀಟರು. 40 × 35 × 25 ಸೆಂ.ಮೀ. ಒಳ ಅಳತೆಯ ಮರದ ಪೆಟ್ಟಿಗೆ ಮಾಡಿಸಿಕೊಂಡರೆ ಅದು ಸರಿಯಾಗಿ ಒಂದು ಮೂಟೆ. ಆರು ಪೆಟ್ಟಿಗೆ ಮರಳು, ಒಂದು ಮೂಟೆ ಸಿಮೆಂಟು. ಬಾಂಡ್ಲಿ ಲೆಕ್ಕದಲ್ಲಿ ಕಲಸುವಾಗ ಒಂದು ಬಾಂಡ್ಲಿ ತುಂಬಿ ತುಳುಕುತ್ತದೆ, ಇನ್ನೊಂದು ಮುಕ್ಕಾಲಿಗೆ ನಿಲ್ಲುತ್ತದೆ. ಹೀಗಾದಾಗ ಅಂದಾಜು ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ.

ಮರಳಿನಲ್ಲಿ ಇನ್ನೊಂದು ತೊಡಕಿದೆ. ತೇವದ ಮರಳು ಉಬ್ಬುತ್ತದೆ. ಕಣಗಳ ಸುತ್ತ ನೀರಿನ ಪೊರೆ ಕೂತು ಅವನ್ನು ದೂರ ತಳ್ಳುವುದರಿಂದ ಗಾತ್ರ ಶೇ. 20ರಿಂದ 30ರಷ್ಟು, ನುಣ್ಣನೆಯ ಮರಳಿನಲ್ಲಿ ಇನ್ನೂ ಹೆಚ್ಚು ಏರಬಹುದು. ಪೂರ್ತಿ ಒಣಗಿದ ಮರಳಿಗೂ ನೀರಿನಲ್ಲಿ ಮುಳುಗಿದ ಮರಳಿಗೂ ಈ ಉಬ್ಬು ಇಲ್ಲ. ಪರೀಕ್ಷಿಸುವುದು ಸುಲಭ: ಗಾಜಿನ ಲೋಟದಲ್ಲಿ ತೇವದ ಮರಳನ್ನು ಸಡಿಲವಾಗಿ ತುಂಬಿ ಎತ್ತರ ಗುರುತಿಸಿ, ನೀರು ಹಾಕಿ ಕಲಕಿ, ಕೂತ ಮೇಲೆ ಎಷ್ಟು ಇಳಿಯಿತೆಂದು ನೋಡುವುದು. ಲೋಡಿನ ಲೆಕ್ಕದಲ್ಲಿ ಮರಳು ಕೊಳ್ಳುವವರು ಈ ಉಬ್ಬಿಗೂ ಹಣ ಕೊಟ್ಟಂತೆ. ಕಲಸುವಾಗ ಇದನ್ನು ಗಮನಿಸದಿದ್ದರೆ 1:6 ಎಂದುಕೊಂಡ ಗಾರೆ ನಿಜದಲ್ಲಿ 1:5 ಆಗಿ ಸಿಮೆಂಟು ಅಂದಾಜು ಮೀರುತ್ತದೆ. ಈಗ ಕರ್ನಾಟಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ, ಕಲ್ಲು ಪುಡಿಮಾಡಿದ ಎಂ-ಸ್ಯಾಂಡನ್ನು ಕ್ರಷರಿನಲ್ಲಿ ಟನ್ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. 100 ಘನ ಅಡಿಗೆ ಸುಮಾರು ನಾಲ್ಕೂವರೆಯಿಂದ ಐದು ಟನ್ ಎಂದು ಹಿಡಿಯಬಹುದು.

ಸಿಮೆಂಟಿಗೆ ಮೊದಲು ಸುಣ್ಣದ ಗಾರೆಯ ಕಾಲವಿತ್ತು. ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಸುಣ್ಣದೊಂದಿಗೆ ಅರೆದು ಮಾಡಿದ ಗಾರೆಯಿಂದಲೇ ಕನ್ನಂಬಾಡಿ ಕಟ್ಟೆ ಎದ್ದಿತು. ಹಳೆಯ ಮನೆಗಳನ್ನು ದುರಸ್ತಿ ಮಾಡುವವರು ಇಂದಿಗೂ ಒಂದು ಪಾಲು ಸುಣ್ಣಕ್ಕೆ ಎರಡು ಅಥವಾ ಮೂರು ಪಾಲು ಮರಳು, ಸುರ್ಕಿ ಬಳಸುತ್ತಾರೆ. ಅಂಥ ಗೋಡೆಗಳಿಗೆ ಸಿಮೆಂಟು ಗಾರೆಯ ತೇಪೆ ಹಾಕುವುದು ತಪ್ಪು. ಗಡಸು ಸಿಮೆಂಟು ತೇವವನ್ನು ಹಿಡಿದಿಟ್ಟು ಮೆತ್ತನೆಯ ಹಳೆಯ ಇಟ್ಟಿಗೆಯನ್ನೇ ತಿನ್ನುತ್ತದೆ.

ಒಂದು ಗೋಡೆಯ ಲೆಕ್ಕ

4 ಮೀ. ಉದ್ದ, 3 ಮೀ. ಎತ್ತರದ, ಒಂದು ಮಾಡ್ಯುಲರ್ ಇಟ್ಟಿಗೆ ದಪ್ಪದ ಗೋಡೆ. ಅದರಲ್ಲಿ 1 × 2.1 ಮೀ. ಬಾಗಿಲು, 1.2 × 1.2 ಮೀ. ಕಿಟಕಿ. ಎರಡರ ಮೇಲೂ 15 ಸೆಂ.ಮೀ. ಎತ್ತರದ ಲಿಂಟಲ್, ಎರಡು ಕಡೆಗೂ 15 ಸೆಂ.ಮೀ. ಒಳಹೊಕ್ಕಿದೆ. ಗೋಡೆಯ ಒಟ್ಟು ಮುಖ 12 ಚದರ ಮೀ. ಬಾಗಿಲು 2.1, ಕಿಟಕಿ 1.44, ಲಿಂಟಲ್‌ಗಳು 0.42 ಕಳೆದರೆ ಉಳಿಯುವುದು 8.04 ಚದರ ಮೀ. ಇಟ್ಟಿಗೆ 804, ಒಡಕು ಸೇರಿಸಿ 850 ತರಿಸಬೇಕು. ಗೋಡೆಯ ಗಾತ್ರ 1.6 ಘನ ಮೀ., ಗಾರೆ 0.4 ಘನ ಮೀ. ಇಲಾಖೆಯ ಪ್ರಮಾಣದಂತೆ ಸಿಮೆಂಟು 100 ಕೆ.ಜಿ., ಅಂದರೆ ಎರಡು ಮೂಟೆ, ಮರಳು 0.43 ಘನ ಮೀ., ಸುಮಾರು 15 ಘನ ಅಡಿ. 1.3ರಿಂದ ಗುಣಿಸುವ ದಾರಿಯಲ್ಲಿ ಸಿಮೆಂಟು 2.14 ಮೂಟೆ ಬರುತ್ತದೆ. ಎರಡೂ ದಾರಿ ಹತ್ತಿರ ಹತ್ತಿರ ಸೇರುತ್ತವೆ. ಮರಳು ತೇವವಾಗಿದ್ದರೆ 18 ಘನ ಅಡಿ ಬೇಕಾದೀತು. ಗಿಲಾವಿನ ಸಿಮೆಂಟು, ಮರಳು ಇದರಲ್ಲಿ ಸೇರಿಲ್ಲ. ಅದರ ಅಂದಾಜೇ ಬೇರೆ.

ಬೇರೆ ಬಗೆಯ ಗೋಡೆಗಳು

ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ರ್‍ಯಾಟ್-ಟ್ರ್ಯಾಪ್ ಬಾಂಡನ್ನು ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದರು. 230 × 110 × 70ರ ಇಟ್ಟಿಗೆಯಲ್ಲಿ ಇದು ಚದರ ಮೀಟರಿಗೆ 78 ಇಟ್ಟಿಗೆ ಹಿಡಿಯುತ್ತದೆ. ಮಾಮೂಲು ಗೋಡೆಯ 104ಕ್ಕೆ ಹೋಲಿಸಿದರೆ ಕಾಲುಭಾಗ ಉಳಿತಾಯ, ಜೊತೆಗೆ ಒಳಗೆ ತಂಪು. ಆದರೆ ಮಾಡ್ಯುಲರ್ ಇಟ್ಟಿಗೆಯಲ್ಲಿ ಇದನ್ನು ಕಟ್ಟಲಾಗದು. ಎರಡು ಬದಿಯ 90 ಮಿ.ಮೀ. ಕಳೆದರೆ 190ರಲ್ಲಿ ಉಳಿಯುವುದು 10 ಮಿ.ಮೀ. ಮಾತ್ರ, ಪೊಳ್ಳಿಗೆ ಜಾಗವೇ ಇಲ್ಲ. ಈ ಬಾಂಡ್ ಬೇಕೆನ್ನುವವರು ಇಟ್ಟಿಗೆ ಕೊಳ್ಳುವಾಗಲೇ ತೆಳುವಾದದ್ದನ್ನು ಆರಿಸಬೇಕು.

ನಗರಗಳಲ್ಲಿ ಈಗ ಸಾಲಿಡ್ ಬ್ಲಾಕಿನದೇ ಕಾರುಬಾರು. 390 × 190 ಮಿ.ಮೀ. ಮುಖದ ಕಾಂಕ್ರೀಟ್ ಬ್ಲಾಕು ಚದರ ಮೀಟರಿಗೆ ಹನ್ನೆರಡೂವರೆ, ಚದರಕ್ಕೆ 116. ನಾಲ್ಕಿಂಚು, ಆರಿಂಚು, ಎಂಟಿಂಚು ದಪ್ಪ ಯಾವುದಾದರೂ ಸಂಖ್ಯೆ ಅದೇ. ಸಂದುಗಳು ಕಡಿಮೆಯಾದ್ದರಿಂದ ಗಾರೆ ಇಟ್ಟಿಗೆ ಗೋಡೆಯ ಮೂರನೆಯ ಒಂದು ಭಾಗದಷ್ಟು ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಹೋದ್ಯೋಗಿಗಳು ರೂಪಿಸಿದ, ಸುಡದೆ ಒತ್ತಿ ಮಾಡುವ ಮಣ್ಣಿನ ಬ್ಲಾಕು ಇನ್ನೊಂದು ದಾರಿ. 230 × 190 × 100 ಮಿ.ಮೀ. ಬ್ಲಾಕಿನಿಂದ 190 ಮಿ.ಮೀ. ಗೋಡೆಗೆ ಚದರ ಮೀಟರಿಗೆ 38, 230 ಮಿ.ಮೀ. ಗೋಡೆಗೆ 45ರಿಂದ 46 ಬೇಕು. ಕರಾವಳಿಯ ಮುರಕಲ್ಲಿಗೆ ಈ ಯಾವ ಸಂಖ್ಯೆಯೂ ಹೊಂದದು. ಕಲ್ಲುಕೋರೆಯಿಂದ ಕೋರೆಗೆ ಅಳತೆ ಬೇರೆ, ಅಂಚು ಕೆತ್ತಿದಷ್ಟೂ ಕುಗ್ಗುತ್ತದೆ. ಅಲ್ಲಿ ಕೆತ್ತಿದ ಮೇಲಿನ ಅಳತೆಯನ್ನೇ ಹಿಡಿದು ಮುಖದ ದಾರಿಯಲ್ಲಿ ಎಣಿಸಬೇಕು.

ಗುತ್ತಿಗೆಯ ಲೆಕ್ಕ

ಸಾಮಾನಿನ ಅಂದಾಜೂ ಕೂಲಿಯ ಅಳತೆಯೂ ಒಂದೇ ಅಲ್ಲ. ಬಾಗಿಲು, ಕಿಟಕಿಗಳ ಜಾಗವನ್ನು ಕಳೆಯದೆ, ಇಡೀ ಗೋಡೆಗೆ ಕೂಲಿ ಹಿಡಿಯುವ ಪದ್ಧತಿ ಹಲವೆಡೆ ಇದೆ. ಚೌಕಟ್ಟು ನಿಲ್ಲಿಸುವ, ಅಂಚು ಕಟ್ಟುವ ಕೆಲಸಕ್ಕೆ ಅದೇ ಸಂಬಳ ಎಂಬುದು ಮೇಸ್ತ್ರಿಗಳ ವಾದ, ಅದರಲ್ಲಿ ಹುರುಳಿದೆ. ಮೇಲಿನ ಉದಾಹರಣೆಯಲ್ಲಿ ಹೀಗೆ ಅಳೆದರೆ ಕೂಲಿ 12 ಚದರ ಮೀಟರಿಗೆ, ಇಟ್ಟಿಗೆ 8.04 ಚದರ ಮೀಟರಿಗೆ. ಎರಡನ್ನೂ ಬೆರೆಸಿದರೆ 850ರ ಬದಲು 1200ಕ್ಕೂ ಹೆಚ್ಚು ಇಟ್ಟಿಗೆ ಅಂಗಳಕ್ಕೆ ಬಂದು ಬೀಳುತ್ತದೆ. ಆದ್ದರಿಂದ ಮನೆ ಕಟ್ಟಿಸುವವರು ಮೊದಲ ಲೋಡು ತರಿಸುವ ಮುನ್ನ ಎರಡು ವಿಷಯಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು: ಕೂಲಿಗೆ ತೆರಪುಗಳನ್ನು ಕಳೆಯುವುದೋ ಇಲ್ಲವೋ, ಮತ್ತು ಸಂದಿನ ದಪ್ಪ ಎಷ್ಟು.